ಮಡಿಲಿನಿಂದ ಬಯಲಿಗೆ: ಧರ್ಮಪುರ ಸೀಮೆಯ ಶಿಶು ಜನಪದ ಮತ್ತು ಮಗುವಿನ ಬೆಳವಣಿಗೆ

ಕನ್ನಡ ಜಾನಪದದ ಸಂಗ್ರಹ ಕಾರ್ಯದಲ್ಲಿ ಮಕ್ಕಳ ಹಾಡು, ಶಿಶುಪ್ರಾಸ, ಆಟಗಳಿಗೆ ಸ್ಥಾನವೇ ದೊರೆತಿಲ್ಲವೆಂದು ಹೇಳುವಂತಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಲ್ಲಿಯೇ ಕೂಸನ್ನು ಕುರಿತ ತ್ರಿಪದಿಗಳಿಗೆ ಗೌರವದ ಎಡೆಯಿದೆ. ಆದರೆ ಆನಂತರದ ಬಹುಪಾಲು ಸಂಗ್ರಹಗಳಲ್ಲಿ ಶಿಶು ಜನಪದವು ಕೊನೆಯ ಅಧ್ಯಾಯಕ್ಕೋ ಅನುಬಂಧಕ್ಕೋ ಸರಿಯಿತು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗಂತೂ ಇದು ಸಹಜವೇ ಆಗಿತ್ತು. ಜುಂಜಪ್ಪ, ಎತ್ತಪ್ಪ, ಗಾದರಿ ಪಾಲನಾಯಕರಂತಹ ಸಾಂಸ್ಕೃತಿಕ ವೀರರ ಕಾವ್ಯಗಳು ಜೀವಂತವಾಗಿರುವ ನೆಲದಲ್ಲಿ ವಿದ್ವಾಂಸರ ಕಿವಿ ಅತ್ತಲೇ ಹರಿಯಿತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂತಹ ಮಹಾಗಾಯಕಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ಅವರು ಬೆಳಕಿಗೆ ತಂದ ಮೇಲೆ ಈ ಸೀಮೆಯ ಹೆಣ್ಣುಮಕ್ಕಳ ಕಂಠಕ್ಕೆ ಮನ್ನಣೆ ಬಂದಿತಾದರೂ, ಅದೇ ಹೆಣ್ಣುಮಕ್ಕಳು ತೊಡೆಯ ಮೇಲಿನ ಕೂಸಿನೊಡನೆ ಆಡುವ ಅರ್ಧ ಮಾತು, ಅರ್ಧ ಹಾಡು ನಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಬಂದದ್ದು ಅಪರೂಪ. ಬಂದಾಗಲೂ ಅದು ‘ಪಠ್ಯ’ವಾಗಿ ಮಾತ್ರ ಬಂದಿತು.

ಪ್ರಸ್ತುತ ಲೇಖನದ ವಾದ ಒಂದೇ. ಶಿಶು ಜನಪದದಲ್ಲಿ ಮಗುವನ್ನು ಬೆಳೆಸುವುದು ಮುಖ್ಯವಾಗಿ ಅದರ ಪದಗಳಲ್ಲ. ಪದಗಳ ನಡುವೆ ಹಿರಿಯರು ಮಗುವಿಗಾಗಿ ಬಿಡುವ ತೆರಪು. ನಾವು ಪದಗಳನ್ನು ಸಂಗ್ರಹಿಸಿದೆವು, ತೆರಪನ್ನು ಕೈಬಿಟ್ಟೆವು. ಈಗ ಆಟಗಳನ್ನು ಆಡಿಸುತ್ತಿದ್ದವರೇ ಕಡಿಮೆಯಾಗುತ್ತಿರುವಾಗ, ನಮ್ಮ ಸಂಗ್ರಹಗಳಿಂದ ಅವುಗಳನ್ನು ಮತ್ತೆ ಕಟ್ಟಿಕೊಡಲು ಹೊರಟರೆ ಕೈಗೆ ಸಿಗುವುದು ಸಿಪ್ಪೆ ಮಾತ್ರ.

ಧರ್ಮಪುರವು ಹಿರಿಯೂರು ತಾಲ್ಲೂಕಿನ ಪೂರ್ವದಂಚಿನ ಹೋಬಳಿ ಕೇಂದ್ರ. ಗಡಿಯಾಚೆಗೆ ಅಮರಾಪುರ, ನೊಳಂಬರ ರಾಜಧಾನಿ ಹೆಂಜೇರು ಆಗಿದ್ದ ಹೇಮಾವತಿ. ಅವು ಅನಂತಪುರ ಜಿಲ್ಲೆಗೆ ಸೇರಿದ್ದವು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದ್ದರೂ ಈ ಹೋಬಳಿ ಬಹುಮಟ್ಟಿಗೆ ಮಳೆಯನ್ನೂ ಊರ ಕೆರೆಯನ್ನೂ ನಂಬಿದ ನೆಲ. ಶೇಂಗಾ ಹೊಲ, ಕುರಿಹಟ್ಟಿ, ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಇದರ ತಿರುಗುಮುರುಗು. ಹರಿಯಬ್ಬೆ, ಇಕ್ಕನೂರು, ಅಬ್ಬಿನಹೊಳೆ ಕಡೆಯ ಹಳ್ಳಿಗಳಲ್ಲಿ ಪಿಎಚ್.ಡಿ. ಅಧ್ಯಯನದ ದಿನಗಳಲ್ಲಿಯೂ ಆನಂತರವೂ ಓಡಾಡಿದ ಅನುಭವ ಈ ಬರೆಹದ ಆಧಾರ.

ಮಗುವಿನ ಸಾಮಾಜಿಕ, ಭಾವನಾತ್ಮಕ, ಬೌದ್ಧಿಕ ಬೆಳವಣಿಗೆ ಎಂದು ಮನೋವಿಜ್ಞಾನವು ಅಧ್ಯಯನದ ಅನುಕೂಲಕ್ಕಾಗಿ ಮೂರು ಕವಲು ಮಾಡಿಕೊಂಡಿದೆ. ಜನಪದರ ಪದಕೋಶದಲ್ಲಿ ಈ ವಿಂಗಡಣೆಯಿಲ್ಲ. ಕತ್ತು ನಿಲ್ಲುವುದು, ಬೋರಲು ಬೀಳುವುದು, ಅಂಬೆಗಾಲು, ತಪ್ಪು ಹೆಜ್ಜೆ, ತೊದಲು ಎಂದು ಮೈಯ ಮೆಟ್ಟಿಲುಗಳನ್ನು ಎಣಿಸುವಾಗಲೇ ಅವರು ‘ಗುರುತು ಹಿಡಿಯುವುದು’ ಎಂಬ ಇನ್ನೊಂದು ಮೆಟ್ಟಿಲನ್ನೂ ಸೇರಿಸುತ್ತಾರೆ. ಕೂಸು ಗುರುತು ಹಿಡಿಯುತ್ತಿದೆ ಎಂದರೆ ತನ್ನವರ ಮುಖವನ್ನು ಬಲ್ಲದು ಎಂಬುದು ಒಂದರ್ಥ; ತನ್ನವರಲ್ಲದವರ ಕೈಗೆ ಹೋಗಲು ಅಳುತ್ತದೆ ಎಂಬುದು ಮತ್ತೊಂದು. ಏಳೆಂಟು ತಿಂಗಳ ಸುಮಾರಿಗೆ ಕಾಣಿಸಿಕೊಳ್ಳುವ ಅಪರಿಚಿತರ ಭಯವನ್ನು ಶಾಸ್ತ್ರಗ್ರಂಥಗಳು ಭಾವನೆಯ ಅಧ್ಯಾಯದಲ್ಲಿಯೂ, ಮುಖ ನೆನಪಿಡುವ ಶಕ್ತಿಯನ್ನು ಬುದ್ಧಿಯ ಅಧ್ಯಾಯದಲ್ಲಿಯೂ ಇಡುತ್ತವೆ. ಹಳ್ಳಿಯ ತಾಯಿ ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತಾಳೆ. ಈ ವಿಷಯದಲ್ಲಿ ಆಕೆಯ ಮಾತೇ ಹೆಚ್ಚು ನಿಖರವೆಂದು ನನಗೆ ತೋರುತ್ತದೆ.

ಶಿಶು ಜನಪದದ ಮೊದಲ ರಂಗಸ್ಥಳ ಬಚ್ಚಲು. ಕೂಸಿಗೆ ಎರೆಯುವ ಹಿರಿಯಳು ಕಾಲು ನೀಡಿ ಕುಳಿತು, ಕೂಸನ್ನು ಮೊಳಕಾಲಿನ ಕೆಳಗೆ ಕಣಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ನೀವುವುದು, ಕೈಕಾಲು ಮಡಿಸಿ ಬಿಡಿಸುವುದು, ಬಿಸಿನೀರು ಹೊಯ್ಯುವುದು, ಕೊನೆಗೆ ಸಾಂಬ್ರಾಣಿ ಹೊಗೆ. ಇಷ್ಟು ಹೊತ್ತೂ ಆಕೆಯ ಬಾಯಿ ಸುಮ್ಮನಿರುವುದಿಲ್ಲ. ಕೂಸು ಅತ್ತರೆ ಅದರ ಪರವಾಗಿ ತಾನೇ ದೂರು ಹೇಳುತ್ತಾಳೆ, ತಾನೇ ಸಮಾಧಾನವನ್ನೂ ಹೇಳುತ್ತಾಳೆ. ಅಳುವಿಗೆ ಅರ್ಥವಿದೆ, ಅದಕ್ಕೆ ಉತ್ತರ ಬರುತ್ತದೆ ಎಂಬುದು ಮಗುವಿಗೆ ದೊರೆಯುವ ಮೊದಲ ಪಾಠ. ನಂತರದ ತಿಂಗಳುಗಳಲ್ಲಿ ಇದೇ ಮಾತುಕತೆ ಮಡಿಲಿನ ಆಟಗಳ ರೂಪ ತಾಳುತ್ತದೆ.

ಅಂಗೈ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಕರ್ನಾಟಕದಲ್ಲೆಲ್ಲ ಇದೆ; ಊರೂರಿಗೆ ಪದಗಳು ಬೇರೆ. ಹಿರಿಯಳು ಕೂಸಿನ ಅಂಗೈಯನ್ನು ಬಿಡಿಸಿ ನಡುವೆ ಬೆರಳಿನಿಂದ ಸುತ್ತು ಬರೆಯುತ್ತಾಳೆ. ಬಳಿಕ ಒಂದೊಂದೇ ಬೆರಳನ್ನು ಮಡಿಸುತ್ತಾ ಮನೆಯವರಿಗೆಲ್ಲ ಪಾಲು ಹಂಚುತ್ತಾಳೆ. ಆಮೇಲೆ ಆಕೆಯ ಎರಡು ಬೆರಳುಗಳು ಇರುವೆಯಂತೆಯೋ ದಾರಿ ತಪ್ಪಿದ ಕರುವಿನಂತೆಯೋ ಮಗುವಿನ ಮುಂಗೈಯಿಂದ ಮೇಲಕ್ಕೆ ಹತ್ತುತ್ತವೆ. ಮೊಳಕೈ ದಾಟಿದ ಮೇಲೆ ನಿಲ್ಲುತ್ತವೆ. ಮಾತೂ ನಿಲ್ಲುತ್ತದೆ. ಕೂಸು ಆಕೆಯ ಮುಖ ನೋಡುತ್ತದೆ, ಉಸಿರು ಹಿಡಿಯುತ್ತದೆ, ಭುಜ ಕುಗ್ಗಿಸುತ್ತದೆ. ಕಂಕುಳಿಗೆ ಕಚಗುಳಿ ಬೀಳುವುದು ಅನಂತರ. ನಾಲ್ಕು ಬಾರಿ ಆಡಿದ ಮೇಲೆ ಕಚಗುಳಿಗೆ ಮುಂಚೆಯೇ ಕೂಸು ನಕ್ಕುಬಿಡುತ್ತದೆ. ಇನ್ನು ಕೆಲವು ದಿನಗಳಲ್ಲಿ ತಾನೇ ಅಂಗೈ ಚಾಚಿ ಆಟ ಕೇಳುತ್ತದೆ.

ಈ ನಿಲುಗಡೆಯಲ್ಲಿ ಎಷ್ಟೆಲ್ಲ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಮುಂದೆ ಬರಲಿರುವುದನ್ನು ಮಗು ಊಹಿಸುತ್ತಿದೆ, ಇದು ಬುದ್ಧಿ. ಹೆದರಿಕೆ ಮತ್ತು ಸಂತೋಷಗಳ ಅಂಚಿನಲ್ಲಿ ನಿಂತು ಎರಡನ್ನೂ ತಾಳಿಕೊಳ್ಳುತ್ತಿದೆ, ಇದು ಭಾವ. ಎದುರಿನವರ ಮುಖದಲ್ಲಿ ಅವರ ಉದ್ದೇಶವನ್ನು ಓದುತ್ತಿದೆ, ಇದು ಸಮಾಜ. ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೂಸಿನೊಡನೆ ನಗುತ್ತಿದ್ದ ತಾಯಂದಿರಿಗೆ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿಡಲು ಹೇಳಲಾಯಿತು. ಕೆಲವೇ ತಿಂಗಳ ಕೂಸುಗಳೂ ತಾಯಿಯನ್ನು ಮತ್ತೆ ಮಾತಿಗೆಳೆಯಲು ಯತ್ನಿಸಿ, ಸೋತು, ಮುಖ ತಿರುಗಿಸಿಕೊಂಡವು. ಕಲ್ಲುಮುಖದ ಮೌನವೂ ಅಂಗೈ ಆಟದ ಮೌನವೂ ಒಂದೇ ಅಲ್ಲ. ಒಂದು ಬಾಗಿಲು ಮುಚ್ಚುತ್ತದೆ. ಇನ್ನೊಂದು ಮಗುವಿನ ಸರದಿ ಬಂತೆಂದು ತಿಳಿಸುತ್ತದೆ. ಜೆರೋಮ್ ಬ್ರೂನರ್ ಅವರು ಶೆರ್‌ವುಡ್ ಅವರೊಡಗೂಡಿ 1976ರಲ್ಲಿ ಕಣ್ಣಾಮುಚ್ಚಾಲೆಯ ಎಳೆಯ ರೂಪವನ್ನು ಅಧ್ಯಯನ ಮಾಡಿ, ಮಗು ಮೊದಲು ನೋಡುಗನಾಗಿದ್ದು ಕ್ರಮೇಣ ತಾನೇ ಆಡಿಸುವವನಾಗುವ ಬಗೆಯನ್ನು ತೋರಿಸಿದರು. ಮಾತಿನ ಸರದಿಯ ನಿಯಮವನ್ನು ಮಗು ಮಾತು ಬರುವ ಮುನ್ನವೇ ಇಂತಹ ಆಟಗಳಲ್ಲಿ ಕಲಿಯುತ್ತದೆ ಎಂಬುದು ಅವರ ಅಧ್ಯಯನದ ತಿರುಳು.

ಇಲ್ಲಿ ನನ್ನದೇ ತಪ್ಪೊಂದನ್ನು ದಾಖಲಿಸುವುದು ಅಗತ್ಯ. ಸಂಶೋಧನೆಯ ದಿನಗಳಲ್ಲಿ ನನ್ನ ಬಳಿಯಿದ್ದುದು ಕ್ಯಾಸೆಟ್ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿಗೂ ಸೆಲ್ಲಿಗೂ ದುಡ್ಡು ಸಾಲುತ್ತಿರಲಿಲ್ಲ. ಧರ್ಮಪುರದ ಬಳಿಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ಮೊಮ್ಮಗುವಿಗೆ ಅಂಗೈ ಆಟ ಆಡಿಸುತ್ತಿದ್ದಾಗ, ಆಕೆ ನಿಲ್ಲಿಸಿದ ಕಡೆಯಲ್ಲೆಲ್ಲ ನಾನು ಗುಂಡಿಯೊತ್ತಿ ಟೇಪನ್ನು ತಡೆಹಿಡಿಯುತ್ತಿದ್ದೆ. ಒಮ್ಮೆ ಮುಂದಿನ ಸಾಲನ್ನು ಹೇಳುವಂತೆ ಅವಸರಪಡಿಸಿದೆ. “ತಡಿಯವ್ವಾ, ಕೂಸು ಕೇಳ್ಳಿ” ಎಂದರು. ಅದನ್ನು ನಾನು ಟಿಪ್ಪಣಿಯಲ್ಲಿ ಬರೆದುಕೊಳ್ಳಲೂ ಇಲ್ಲ, ಅಡ್ಡಮಾತೆಂದು ಬಿಟ್ಟೆ. ಇಂದು ಆ ಕ್ಯಾಸೆಟ್ ಹಾಕಿದರೆ ಪದಗಳು ಒಂದರ ಬೆನ್ನಿಗೊಂದು ಉರುಳುತ್ತವೆ. ಮಹಾಪ್ರಬಂಧದಲ್ಲಿ ಅವು ಅಚ್ಚುಕಟ್ಟಾದ ಆರು ಸಾಲುಗಳಾಗಿ ಅಚ್ಚಾದವು. ಮಗು ಎಲ್ಲಿ ಉಸಿರು ಹಿಡಿಯಿತು, ಎಲ್ಲಿ ನಕ್ಕಿತು ಎಂಬುದು ಅಲ್ಲಿಲ್ಲ. ಆ ಅಜ್ಜಿ ಈಗಿಲ್ಲ. ಇದು ನನ್ನೊಬ್ಬಳ ತಪ್ಪೆಂದು ವಿನಯ ತೋರುವುದೂ ಸರಿಯಲ್ಲ. ನಮ್ಮ ಕ್ಷೇತ್ರಕಾರ್ಯದ ತರಬೇತಿಯೇ ಹಾಡುಗಾರರ ಮಾತನ್ನು ಕೇಳಲು ಕಲಿಸಿತು, ಕೇಳುಗರ ಮೌನವನ್ನು ಕೇಳಲು ಕಲಿಸಲಿಲ್ಲ. ಕೇಳುಗ ಎಂಟು ತಿಂಗಳ ಕೂಸಾಗಿದ್ದರಂತೂ ಹೇಳುವಂತೆಯೇ ಇಲ್ಲ.

ಕಣ್ಣಾಮುಚ್ಚಾಲೆಗೆ ಎರಡು ಜನ್ಮಗಳಿವೆ. ಸೆರಗಿನ ಮರೆಯಲ್ಲಿ ಮುಖ ಬಚ್ಚಿಟ್ಟು ತೆರೆಯುವುದು ಮಡಿಲಿನದು. ಕಂಬಕ್ಕೆ ಮುಖವಿಟ್ಟು ಎಣಿಸುವುದು ಬಯಲಿನದು. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ಅರಿವು ಸುಮಾರು ಎಂಟು ತಿಂಗಳ ಹೊತ್ತಿಗೆ ಮೂಡುತ್ತದೆಂದು ಜೀನ್ ಪಿಯಾಜೆ ಹೇಳಿದ್ದರು; ಅದರ ಕುರುಹು ಇನ್ನೂ ಮೊದಲೇ ಕಾಣುತ್ತದೆಂದು 1980ರ ದಶಕದ ಬಳಿಕದ ಪ್ರಯೋಗಗಳು ಸೂಚಿಸಿವೆ. ತಿಂಗಳುಗಳ ಲೆಕ್ಕ ಏನೇ ಇರಲಿ, ಹೊಲಕ್ಕೆ ಹೋದ ತಾಯಿ ಸಂಜೆ ಬಂದೇ ಬರುತ್ತಾಳೆ ಎಂಬ ನಂಬಿಕೆಗೆ ಸೆರಗಿನ ಮರೆಯ ಆಟ ಒಂದು ಎಳೆಯ ಅಭ್ಯಾಸ. ಶೇಂಗಾ ಕೀಳುವ ದಿನಗಳಲ್ಲಿ ಹೊಲದ ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಸಾಲು ಮುಗಿಸಿ ಬಂದು ಬಂದು ಮುಖ ತೋರಿಸಿ ಹೋಗುವ ತಾಯಂದಿರನ್ನು ಈ ಸೀಮೆಯಲ್ಲಿ ನೋಡಿದ್ದೇನೆ.

ಜೋಲಿಯ ಬಳಿ ಕಾವಲಿಗೆ ಇರುತ್ತಿದ್ದವಳು ಸಾಮಾನ್ಯವಾಗಿ ಅಕ್ಕ. ಮೇರಿ ಐನ್ಸ್‌ವರ್ತ್ ಅವರು 1954-55ರಲ್ಲಿ ಉಗಾಂಡದ ಕಂಪಾಲದ ಸಮೀಪದ ಹಳ್ಳಿಗಳಲ್ಲಿ 26 ಕುಟುಂಬಗಳ ಕೂಸುಗಳನ್ನು ಗಮನಿಸಿ 1967ರಲ್ಲಿ ಪುಸ್ತಕ ಪ್ರಕಟಿಸಿದರು. ಬಾಂಧವ್ಯದ ಸಿದ್ಧಾಂತಕ್ಕೆ ಅದು ಒಂದು ತಳಹದಿ. ಕೂಸಿನ ಸೂಚನೆಗಳನ್ನು ಅರಿತು ಓಗೊಡುವ ತಾಯಿಯ ಮಗು ಆಕೆಯನ್ನು ನೆಲೆಯಾಗಿಟ್ಟುಕೊಂಡು ಧೈರ್ಯವಾಗಿ ದೂರ ಸರಿದು ಲೋಕವನ್ನು ನೋಡುತ್ತದೆ ಎಂಬುದು ಅವರಿಗೆ ಹೊಳೆದದ್ದು ಹಳ್ಳಿಯ ಅಂಗಳದಲ್ಲಿ ಎಂಬುದು ಜಾನಪದ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ನಮ್ಮ ಹಳ್ಳಿಗಳಲ್ಲಿ ಈ ನೆಲೆ ಒಬ್ಬಳೇ ಅಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಕಂಕುಳಲ್ಲಿ ಎತ್ತಿ ತಿರುಗುವ ಅಕ್ಕ ಎಲ್ಲರೂ ಸೇರುತ್ತಾರೆ. ಆದರೆ ಈ ಏರ್ಪಾಡಿನ ಬೆಲೆಯನ್ನು ತೆತ್ತವಳು ಯಾರು ಎಂಬುದನ್ನು ಮರೆಯಲಾಗದು. ಏಳೆಂಟು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ಕುಂಟೆಬಿಲ್ಲೆಯ ಗೆರೆಯಾಚೆ ನಿಂತಿದ್ದಾಳೆಂದರೆ ಆಕೆ ಶಾಲೆಯಲ್ಲಿಯೂ ಇಲ್ಲ, ಆಟದಲ್ಲಿಯೂ ಇಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಬಳಿಕ ಅಂತಹ ಹುಡುಗಿಯರು ಶಾಲೆಯಲ್ಲಿರುವುದನ್ನು ನಾನು ನಷ್ಟವೆಂದು ಎಣಿಸಲಾರೆ. ಕೂಸಿಗೆ ಒಬ್ಬ ಆಟಗಾತಿ ಕಡಿಮೆಯಾದಳು ಎಂಬುದೂ ಅಷ್ಟೇ ನಿಜ.

ಸಂಪ್ರದಾಯವನ್ನೆಲ್ಲ ಮಗುವಿನ ಹಿತವೆಂದು ಕೊಂಡಾಡುವುದಕ್ಕೆ ಇನ್ನೂ ದೊಡ್ಡ ತಡೆ ಇದೇ ಜಿಲ್ಲೆಯಲ್ಲಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯನ್ನು ವಿದ್ವಾಂಸರು ಬಹುಕಾಲದಿಂದ ದಾಖಲಿಸುತ್ತ ಬಂದಿದ್ದಾರೆ. ದಾಖಲಿಸುವಾಗ ನಮ್ಮ ಭಾಷೆ ತೀರಾ ತಣ್ಣಗಿತ್ತೆಂದು ಈಗ ಅನಿಸುತ್ತದೆ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ ಹೀಗೆ ಹೊರಗಿರಿಸಿದ ಹಸುಗೂಸೊಂದು ಮಳೆ, ಚಳಿಯ ದಿನಗಳಲ್ಲಿ ತೀರಿಕೊಂಡಿತು. ಗರ್ಭಿಣಿಯರನ್ನೂ ಮುಟ್ಟಾದವರನ್ನೂ ಬಲವಂತವಾಗಿ ಪ್ರತ್ಯೇಕಿಸುವುದನ್ನು ನಿಷೇಧಿಸುವ ರಾಜ್ಯದ ಅಧಿನಿಯಮ 2017ರಲ್ಲೇ ಆಗಿತ್ತು. ಜುಂಜಪ್ಪನ ಕಾವ್ಯವನ್ನು ಕೇಳಲು ಹಟ್ಟಿಗೆ ಹೋದ ನಾವು ಗುಡಿಸಲನ್ನು ‘ಆಚರಣೆ’ ಎಂಬ ಉಪಶೀರ್ಷಿಕೆಯಡಿ ಬರೆದು ಮುಗಿಸಿದೆವು. ಎರೆಯುವ ಕೈ, ಓಗೊಡುವ ದನಿ ಅತ್ಯಂತ ಅಗತ್ಯವಾದ ದಿನಗಳಲ್ಲಿಯೇ ಅವು ಕೂಸಿಗೆ ದೂರವಾಗುತ್ತಿದ್ದವು. ಅದೇ ಹಟ್ಟಿಗಳ ಹೆಣ್ಣುಮಕ್ಕಳ ಜೋಗುಳದ ಸಂಪತ್ತು ಬೆರಗು ಹುಟ್ಟಿಸುವಂಥದ್ದು. ಎರಡೂ ಒಂದೇ ಪರಂಪರೆಯವು.

ಮಗು ಮಡಿಲಿನಿಂದ ಬಯಲಿಗೆ ಇಳಿಯುವ ಹಂತವನ್ನು ವಿವರಿಸಲು ಕನ್ನಡದಲ್ಲಿ ಒಂದು ಅಪೂರ್ವವಾದ ನುಡಿಯಿದೆ: ‘ಆಟಕ್ಕುಂಟು ಲೆಕ್ಕಕ್ಕಿಲ್ಲ.’ ದೊಡ್ಡವರ ಲೋಕದಲ್ಲಿ ಇದು ಹಂಗಿಸುವ ಮಾತು. ಮಕ್ಕಳ ಲೋಕದಲ್ಲಿ ಹಾಗಲ್ಲ. ಮೂರು, ನಾಲ್ಕು ವರ್ಷದ ತಮ್ಮನೋ ತಂಗಿಯೋ ಆಟಕ್ಕೆ ಬಂದು ಅಳುತ್ತ ನಿಂತಾಗ ಹಿರಿಯ ಮಕ್ಕಳು ಮಾಡಿಕೊಳ್ಳುವ ಒಪ್ಪಂದವಿದು. ಚಿಕ್ಕದು ಎಲ್ಲರೊಡನೆ ಓಡಬಹುದು, ಕೂಗಬಹುದು, ಅಡಗಿಕೊಳ್ಳಬಹುದು. ಸಿಕ್ಕಿಬಿದ್ದರೆ ಔಟಲ್ಲ, ಅಂಕವಿಲ್ಲ, ‘ಕಳ್ಳ’ನಾಗುವ ಸರದಿಯಿಲ್ಲ. ತಾನೂ ಆಡುತ್ತಿದ್ದೇನೆಂದು ಅದು ನಂಬುತ್ತದೆ, ಉಳಿದವರು ಆ ನಂಬಿಕೆಯನ್ನು ಕಾಯುತ್ತಾರೆ. ಇಕ್ಕನೂರಿನ ಕಡೆಯ ಹಳ್ಳಿಯೊಂದರಲ್ಲಿ ಅಡಗಿಕೊಂಡ ಮಗುವೊಂದು ತಾನಾಗಿಯೇ ಕೂಗಿ ತನ್ನ ಜಾಗವನ್ನು ತೋರಿಸಿಕೊಡುತ್ತಿದ್ದರೂ, ಹುಡುಕುವ ಹುಡುಗ ಅದನ್ನು ಕಾಣದವನಂತೆ ಎರಡು ಬಾರಿ ಸುತ್ತಿಬಂದುದನ್ನು ನೋಡಿದ್ದೇನೆ. ಆ ಹುಡುಗನಿಗೆ ಒಂಬತ್ತು ವರ್ಷವಿರಬಹುದು. ಮತ್ತೊಬ್ಬರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಬಲ್ಲವನು ಮಾತ್ರ ಹಾಗೆ ನಟಿಸಬಲ್ಲ. ತಾನು ಕಾಣುವುದನ್ನೇ ಎಲ್ಲರೂ ಕಾಣುತ್ತಾರೆ ಎಂದುಕೊಂಡ ಚಿಕ್ಕದಕ್ಕೆ ಅಡಗುವುದರ ಅರ್ಥ ಇನ್ನೂ ತಿಳಿದಿಲ್ಲ. ಒಂದೇ ಆಟದಲ್ಲಿ ಇಬ್ಬರೂ ತಮ್ಮ ತಮ್ಮ ಹಂತದ ಕೆಲಸದಲ್ಲಿ ತೊಡಗಿದ್ದಾರೆ.

ಮಗು ತಾನೊಬ್ಬನೇ ಮಾಡಲಾಗದ್ದನ್ನು ಬಲ್ಲವರ ಜೊತೆಯಲ್ಲಿ ಮಾಡಬಲ್ಲದು, ಇಂದು ಜೊತೆಯಲ್ಲಿ ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ ಎಂದು ರಷ್ಯದ ಲೆವ್ ವೈಗೋಟ್‌ಸ್ಕಿ (1896-1934) ಹೇಳಿದ ಮಾತು ಈಗ ಶಿಕ್ಷಕ ತರಬೇತಿಯ ಪುಸ್ತಕಗಳಲ್ಲೆಲ್ಲ ಇದೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು ಅದರ ಬಯಲು ರೂಪ. ಮಡಿಲಿನ ಆಟದಲ್ಲಿ ಅಜ್ಜಿ ಬಿಟ್ಟ ತೆರಪನ್ನೇ ಇಲ್ಲಿ ಮಕ್ಕಳು ಮಕ್ಕಳಿಗಾಗಿ ಬಿಡುತ್ತಿದ್ದಾರೆ. ಲೆಕ್ಕಕ್ಕೆ ಸೇರುವ ದಿನ ಯಾವುದೆಂದು ಯಾರೂ ಸಾರುವುದಿಲ್ಲ; ಚಿಕ್ಕದು ಒಮ್ಮೆ ಔಟಾಗಿ, ಅಳದೆ ಹೊರಗೆ ನಿಂತರೆ ಅಂದಿನಿಂದ ಅದು ಲೆಕ್ಕಕ್ಕೆ ಬಂತು.

ಗೋಲಿಯಾಟದ ನಿಯಮಗಳನ್ನು ಸ್ವಿಟ್ಜರ್ಲೆಂಡಿನ ಮಕ್ಕಳು ಹೇಗೆ ಅರ್ಥಮಾಡಿಕೊಳ್ಳುತ್ತಾರೆಂದು ಪಿಯಾಜೆ ವಿಚಾರಿಸಿ 1932ರಲ್ಲಿ ಮಕ್ಕಳ ನೈತಿಕ ತೀರ್ಪನ್ನು ಕುರಿತ ಗ್ರಂಥ ಪ್ರಕಟಿಸಿದರು. ಚಿಕ್ಕವರಿಗೆ ನಿಯಮವೆಂದರೆ ಹಿರಿಯರಿಂದ ಬಂದ, ಮುಟ್ಟಲಾಗದ ಕಟ್ಟಳೆ; ದೊಡ್ಡವರಾದಂತೆ ಅದು ಆಡುವವರ ಒಪ್ಪಂದ. ಧರ್ಮಪುರದ ಬಯಲಿನಲ್ಲಿ ಆಟಕ್ಕಿಂತ ಜಗಳವೇ ಹೆಚ್ಚು ಹೊತ್ತು ನಡೆಯುತ್ತದೆಂದು ಹಿರಿಯರು ಬೈಯುತ್ತಾರೆ. ಆ ಜಗಳವೇ ಒಪ್ಪಂದದ ಶಾಲೆ. ಅಳಗುಳಿಮಣೆಯಲ್ಲಿ ಹುಣಿಸೆ ಬೀಜ ಹಂಚುತ್ತ ಎಣಿಕೆ ಕಲಿಯುವುದನ್ನು ಎಲ್ಲರೂ ಹೇಳುತ್ತಾರೆ; ಎದುರಾಳಿ ತಪ್ಪು ಹಂಚಿದಾಗ ಅದನ್ನು ಹೇಗೆ ಹೇಳಬೇಕೆಂಬ ಕಲಿಕೆಯನ್ನು ಯಾರೂ ಹೇಳುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು. ನೆಲದ ಮೇಲೆ ಅಂಗೈಗಳನ್ನು ಒತ್ತೊತ್ತಾಗಿಟ್ಟು ತಟ್ಟುತ್ತ ಹೋಗುವ ಎಣಿಕೆಯಾಟದಲ್ಲಿ ಯಾರ ಅಂಗೈ ಪಕ್ಕ ಯಾರದು ಇರಬಹುದು, ಯಾವ ಕೇರಿಯ ಮಕ್ಕಳನ್ನು ಕರೆಯುವುದಿಲ್ಲ ಎಂಬುದನ್ನೂ ಮಕ್ಕಳು ಬಯಲಿನಲ್ಲಿಯೇ ಕಲಿತರು. ಲೆಕ್ಕಕ್ಕೂ ಇಲ್ಲದ, ಆಟಕ್ಕೂ ಇಲ್ಲದ ಮಕ್ಕಳಿದ್ದರು.

ಗಡಿನಾಡಿನ ಒಗಟುಗಳನ್ನು ಇಲ್ಲಿ ಪ್ರಸ್ತಾಪಿಸಿ ಮುಂದೆ ಸಾಗುತ್ತೇನೆ, ಅವು ಪ್ರತ್ಯೇಕ ಲೇಖನವನ್ನೇ ಬೇಡುತ್ತವೆ. ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ಬಿಡಿಸುವ ಮಕ್ಕಳಿಗೆ ವಸ್ತುವೇ ಬೇರೆ, ಅದರ ಹೆಸರೇ ಬೇರೆ ಎಂಬುದು ಬೇಗ ತಿಳಿಯುತ್ತದೆ. ಒಗಟಿನಲ್ಲಿಯೂ ಉತ್ತರಕ್ಕಾಗಿ ಕಾಯುವ ತೆರಪು ಇದ್ದೇ ಇದೆ. ಸೋತೆನೆಂದು ಒಪ್ಪಿಕೊಂಡವರಿಂದ ‘ಊರು’ಗಳನ್ನು ಬರೆಸಿಕೊಂಡ ಮೇಲೆಯೇ ಕೇಳಿದವರು ಗುಟ್ಟು ಬಿಡುವುದು.

ಇನ್ನು ಇಂದಿನ ಸ್ಥಿತಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಈಗ ಧರ್ಮಪುರ ಹೋಬಳಿಯ ಹಳ್ಳಿಗಳಲ್ಲಿಯೂ ಅಂಗನವಾಡಿಗಳಿವೆ. ಕೂಲಿಕಾರ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರಿಂದೀಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಲಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು ಸ್ಥಳೀಯ ಆಟ, ಹಾಡು, ಕಥೆಗಳನ್ನು ಬಳಸುವಂತೆ ಹೇಳುತ್ತದೆ. ಇವೆಲ್ಲ ಸ್ವಾಗತಾರ್ಹ. ಆದರೆ ಸ್ಥಳೀಯ ಹಾಡು ಬೇಕೆಂದಾಗ ಪಠ್ಯ ರಚಿಸುವವರು ನಮ್ಮಂತಹವರ ಸಂಗ್ರಹಗಳನ್ನು ತೆರೆಯುತ್ತಾರೆ. ಅಲ್ಲಿ ಸಿಗುವುದು ಆರು ಸಾಲು. ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳು ಆ ಆರು ಸಾಲನ್ನು ಒಕ್ಕೊರಲಿನಿಂದ ಹೇಳುತ್ತಾರೆ. ಒಬ್ಬೊಬ್ಬ ಮಗುವಿನ ಕೈ ಹಿಡಿದು ಆಡಿಸಲು ಕಾರ್ಯಕರ್ತೆಗೆ ಎಡೆಯೆಲ್ಲಿದೆ? ಅಡುಗೆ, ತೂಕ, ಚುಚ್ಚುಮದ್ದು, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಎಲ್ಲ ಆಕೆಯದೇ.

ಮನೆಯಲ್ಲಿ ಮೊಬೈಲೇ ಆಡಿಸುತ್ತದೆ. ಕೆಲಸ ಅರಸಿ ಬೆಂಗಳೂರಿಗೆ ಹೋದ ದಂಪತಿಗಳ ಬಾಡಿಗೆ ಕೋಣೆಯಲ್ಲಿ ಅಜ್ಜಿಯಿಲ್ಲ. ಊರಿನಲ್ಲಿ ಉಳಿದ ಅಜ್ಜಿಯ ಬಳಿ ಕೂಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಸೂಚಿಸಿತು. ಈ ಬಗ್ಗೆ ತಾಯಂದಿರನ್ನು ಬೈಯುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಹೇಳಬೇಕಾದದ್ದು ಬೇರೆ. ಮೊಬೈಲಿನ ಶಿಶುಪ್ರಾಸದಲ್ಲಿ ಪದಗಳಿವೆ, ರಾಗವಿದೆ, ಬಣ್ಣವಿದೆ. ಅದು ಕಾಯುವುದಿಲ್ಲ. ಮಗು ಉಸಿರು ಹಿಡಿದರೂ ಬಿಟ್ಟರೂ ಮುಂದಿನ ಸಾಲು ಬಂದೇ ಬರುತ್ತದೆ. ಈ ದೃಷ್ಟಿಯಿಂದ ನೋಡಿದರೆ ನನ್ನ ಹಳೆಯ ಕ್ಯಾಸೆಟ್ಟಿಗೂ ಮೊಬೈಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಆದ್ದರಿಂದ ಶಿಶು ಜನಪದದ ಲಿಪ್ಯಂತರದಲ್ಲಿ ಪದಗಳ ಪಕ್ಕದಲ್ಲಿ ಮತ್ತೊಂದು ಅಂಕಣವನ್ನು ಬಿಡುವುದನ್ನು ಈಗ ರೂಢಿಸಿಕೊಂಡಿದ್ದೇನೆ. ಕೈ ಎಲ್ಲಿತ್ತು, ಎಷ್ಟು ಹೊತ್ತು ನಿಂತಿತು, ಕೂಸು ಏನು ಮಾಡಿತು ಎಂಬುದು ಅದರಲ್ಲಿ. ವಿದ್ಯಾರ್ಥಿಗಳಿಗೂ ಹಾಗೆಯೇ ಮಾಡಲು ಹೇಳುತ್ತೇನೆ. ಪುಟಗಳು ಹೆಚ್ಚಾಗುತ್ತವೆಂದು ಅವರು ಗೊಣಗುತ್ತಾರೆ. ಈಚೆಗೆ ಆ ಅಜ್ಜಿಯ ಮನೆಗೆ ಮತ್ತೆ ಹೋಗಿದ್ದೆ. ಅವರ ಮಗಳು ಈಗ ತಾನೇ ಅಜ್ಜಿ. ಅದೇ ಆಟವನ್ನು ಆಡಿಸಿದರು. ಪದಗಳು ಎರಡು ಕಡೆ ಬದಲಾಗಿದ್ದವು. ರೆಕಾರ್ಡರನ್ನು ಈ ಬಾರಿ ನಿಲ್ಲಿಸಲಿಲ್ಲ. ಮೊಳಕೈಯ ಬಳಿಯ ತೆರಪು ಮೊದಲ ಸಲ ಎರಡು ಸೆಕೆಂಡು, ಐದನೆಯ ಸಲ ಆರು ಸೆಕೆಂಡು. ಆರನೆಯ ಸಲ ಅವರು ಸುಮ್ಮನೆ ಕುಳಿತರು. ಒಂಬತ್ತನೆಯ ಸೆಕೆಂಡಿಗೆ ಕೂಸೇ ಅವರ ಬೆರಳನ್ನು ಹಿಡಿದು ತನ್ನ ಕಂಕುಳಿನತ್ತ ಎಳೆದುಕೊಂಡಿತು.